ಹೆಗ್ಗಾಲಣಬೆ: ಗೆದ್ದಲು ಬೆಳೆಯುವ ಮಲೆನಾಡಿನ ಬೆಳೆ

ಮುಂಗಾರು ಬಲಗೊಂಡು ನೆಲ ಚೆನ್ನಾಗಿ ತಣಿದ ಮೇಲೆ ಮಲೆನಾಡಿನ ಹುತ್ತಗಳ ಮೈಮೇಲೆ ಹಾಗೂ ಅವುಗಳ ಸುತ್ತಲಿನ ದರಗಿನ ನಡುವೆ ಬೂದುಮಿಶ್ರಿತ ಬಿಳಿಬಣ್ಣದ ಅಣಬೆಗಳು ಗುಂಪುಗುಂಪಾಗಿ ತಲೆಯೆತ್ತುತ್ತವೆ. ಕೊಡೆಯ ನೆತ್ತಿಯಲ್ಲಿ ಚೂಪಾದ ಮೊನೆ, ನೆಲದೊಳಕ್ಕೆ ಬಹುದೂರ ಇಳಿದಿರುವ ಬೇರಿನಂತಹ ಕಾಲು ಇವುಗಳ ಗುರುತು. ಶಿವಮೊಗ್ಗ ಸೀಮೆಯ ಜನ ಇವನ್ನು ಹೆಗ್ಗಾಲಣಬೆ ಎಂದು ಕರೆಯುತ್ತಾರೆ. ಹುತ್ತದಣಬೆ ಎಂಬ ಹೆಸರೂ ಬಳಕೆಯಲ್ಲಿದೆ. ವಿಜ್ಞಾನದಲ್ಲಿ ಇವುಗಳ ಕುಲನಾಮ ಟರ್ಮಿಟೋಮೈಸೀಸ್, ಅಂದರೆ ಗೆದ್ದಲಿನ ಶಿಲೀಂಧ್ರ. ರುಚಿಯಲ್ಲಿ ಇದನ್ನು ಮೀರಿಸುವ ಕಾಡಣಬೆ ಈ ಭಾಗದಲ್ಲಿ ಮತ್ತೊಂದಿಲ್ಲವೆಂಬುದು ಮಲೆನಾಡಿಗರ ಸಾಮಾನ್ಯ ಅಭಿಪ್ರಾಯ. ಆದರೆ ಅದರ ರುಚಿಗಿಂತಲೂ ಕುತೂಹಲಕರವಾದುದು ಅದರ ಬಾಳು. ಏಕೆಂದರೆ ಹೆಗ್ಗಾಲಣಬೆ ತಾನಾಗಿ ಕಾಡಿನಲ್ಲಿ ಬೆಳೆಯುವುದಿಲ್ಲ. ಅದನ್ನು ಬೆಳೆಯುವ ರೈತರಿದ್ದಾರೆ. ಆ ರೈತರು ಗೆದ್ದಲುಗಳು.

ಶಿವಮೊಗ್ಗ ನಗರದ ಪಶ್ಚಿಮ ದಿಕ್ಕಿನ ಬಡಾವಣೆಯಾದ ಗೋಪಾಳ ಈ ಅಣಬೆಯ ಕಥೆಗೆ ತಕ್ಕ ಸ್ಥಳ. ಇಲ್ಲಿಂದ ಅನುಪಿನಕಟ್ಟೆ, ಪುರದಾಳುಗಳ ಕಡೆಗೆ ಸಾಗಿದಂತೆ ಮನೆಗಳು ವಿರಳವಾಗಿ ಹೊಲ, ತೋಟ, ಕುರುಚಲು ಕಾಡು ಎದುರಾಗುತ್ತವೆ; ಅದರಾಚೆ 1974ರಲ್ಲಿ ಘೋಷಿತವಾದ ಶೆಟ್ಟಿಹಳ್ಳಿ ಅಭಯಾರಣ್ಯದ ಅಂಚು. ಊರು ಮುಗಿದು ಕಾಡು ಮೊದಲಾಗುವ ಇಂತಹ ಅಂಚುಗಳಲ್ಲಿಯೇ ಹುತ್ತಗಳು ಹೆಚ್ಚು ಕಾಣಸಿಗುತ್ತವೆ. ನಗರ ವಿಸ್ತರಿಸುವಾಗ ಮೊದಲು ನೆಲಸಮವಾಗುವುದೂ ಇವೇ ಅಂಚುಗಳು.

ಹೆಸರಿನ ಸುತ್ತ

ಕನ್ನಡದಲ್ಲಿ ತಿನ್ನಲು ಯೋಗ್ಯವಾದುದಕ್ಕೆ ಅಣಬೆಯೆಂದೂ ತಿನ್ನಬಾರದ್ದಕ್ಕೆ ನಾಯಿಕೊಡೆಯೆಂದೂ ಹೇಳುವ ರೂಢಿಯಿದೆ. ತುಳುವಿನಲ್ಲಿ ಅಲಂಬು, ಕೊಡವ ತಕ್ಕಿನಲ್ಲಿ ಕುಮ್ಮು, ಕೊಂಕಣಿಯಲ್ಲಿ ಓಳ್ಮಿ. ಹೆಗ್ಗಾಲಣಬೆಯನ್ನು 'ಹಿರಿದಾದ ಕಾಲುಳ್ಳ ಅಣಬೆ' ಎಂದು ಬಿಡಿಸಿಕೊಂಡರೆ ಹೆಸರೇ ವರ್ಣನೆಯಾಗುತ್ತದೆ. ನೆಲದ ಮೇಲೆ ಗೇಣುದ್ದ ಕಾಣುವ ಅಣಬೆಯ ಕಾಲು ನೆಲದೊಳಗೆ ಅದಕ್ಕಿಂತಲೂ ಉದ್ದವಾಗಿ ಇಳಿದಿರುವುದುಂಟು. ಅದೇ ಕುಲದ ಅತಿ ಚಿಕ್ಕ ಬಗೆಯೊಂದು ಬೆರಳ ತುದಿಯಷ್ಟೇ ಗಾತ್ರದ ಸಾವಿರಾರು ಕೊಡೆಗಳಾಗಿ ನೆಲದ ಮೇಲೆ ಅಕ್ಕಿ ಚೆಲ್ಲಿದಂತೆ ಹರಡಿಕೊಳ್ಳುತ್ತದೆ. ಅದಕ್ಕೆ ಅಕ್ಕಿ ಅಣಬೆಯೆಂದು ಹೆಸರು. ಕೇರಳದಲ್ಲಿಯೂ ಇದೇ ಅರ್ಥ ಕೊಡುವ 'ಅರಿಕೂಣ್' ಎಂಬ ಹೆಸರಿದೆ.

ರಾತ್ರೋರಾತ್ರಿ ಎದ್ದ ಬಡಾವಣೆಗಳನ್ನೂ ಕಾಲೇಜುಗಳನ್ನೂ 'ನಾಯಿಕೊಡೆಗಳಂತೆ ತಲೆಯೆತ್ತಿವೆ' ಎಂದು ಬಣ್ಣಿಸುವುದು ಕನ್ನಡ ಪತ್ರಿಕೆಗಳಿಗೆ ಅಂಟಿಕೊಂಡ ಅಭ್ಯಾಸ. ಬುಡವಿಲ್ಲದ ದಿಢೀರ್ ಬೆಳವಣಿಗೆಯೆಂಬುದು ಆ ಮಾತಿನ ಭಾವ. ಹೆಗ್ಗಾಲಣಬೆಯ ಮಟ್ಟಿಗೆ ಈ ಹೋಲಿಕೆ ಸಲ್ಲದು. ಬೆಳಗಾಗುವುದರೊಳಗೆ ಮೇಲೆದ್ದ ಕೊಡೆಯ ಕೆಳಗೆ ಹಲವು ವರ್ಷಗಳಿಂದ ಬಾಳುತ್ತಿರುವ ಒಂದು ಸಂಸಾರವಿರುತ್ತದೆ.

ನೆಲದಡಿಯ ಬೇಸಾಯ

ಅಣಬೆ ಸಸ್ಯವಲ್ಲ. ಅದಕ್ಕೆ ಪತ್ರಹರಿತ್ತಿಲ್ಲ, ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಶಕ್ತಿಯಿಲ್ಲ. ಸತ್ತ ಎಲೆ, ಕೊರಡುಗಳನ್ನು ಕೊಳೆಯಿಸಿಯೋ ಜೀವಂತ ಮರದ ಬೇರಿನೊಡನೆ ಕೊಡುಕೊಳ್ಳುವಿಕೆ ನಡೆಸಿಯೋ ಅದು ಬದುಕಬೇಕು. ಕರಾವಳಿಯಲ್ಲಿ ಮಳೆಗಾಲದ ಆರಂಭದಲ್ಲಿ ದುಬಾರಿ ಬೆಲೆಗೆ ಮಾರಾಟವಾಗುವ ಕಲ್ಲಣಬೆ ಎರಡನೆಯ ಬಗೆಯದು. ಬೋಗಿ ಜಾತಿಯ ಮರಗಳ ಬೇರನ್ನು ಅದು ಆಶ್ರಯಿಸಿರುತ್ತದೆ. ಹೆಗ್ಗಾಲಣಬೆ ಹಿಡಿದಿರುವುದು ಮೂರನೆಯ ದಾರಿ.

ಗೆದ್ದಲುಗಳಲ್ಲೆಲ್ಲ ಅಣಬೆ ಬೆಳೆಯುವ ವಿದ್ಯೆಯಿಲ್ಲ. ಆಫ್ರಿಕಾ ಮತ್ತು ಏಷ್ಯಾದ ಬಿಸಿಲು ನಾಡುಗಳಲ್ಲಿ ಹರಡಿರುವ ಮ್ಯಾಕ್ರೋಟರ್ಮಿಟಿನೇ ಎಂಬ ಒಂದು ಉಪಕುಟುಂಬಕ್ಕೆ ಮಾತ್ರ ಅದು ತಿಳಿದಿದೆ. ದಕ್ಷಿಣ ಭಾರತದಲ್ಲಿ ದೊಡ್ಡ ಹುತ್ತಗಳನ್ನು ಕಟ್ಟುವ ಓಡಾಂಟೋಟರ್ಮಿಸ್ ಗೆದ್ದಲುಗಳು ಈ ಗುಂಪಿಗೆ ಸೇರಿದವು. ಇವುಗಳ ಕೆಲಸಗಾರರು ಉದುರಿದ ಎಲೆ, ಒಣ ಹುಲ್ಲು, ಕೊರಡು, ಸಗಣಿಗಳನ್ನು ಕಡಿದು ತಂದು ಗೂಡಿಗೆ ಸೇರಿಸುತ್ತವೆ. ಮರದ ನಾರನ್ನು ಬಿಗಿಯಾಗಿಸುವ ಲಿಗ್ನಿನ್ ಎಂಬ ವಸ್ತುವನ್ನು ಅವು ಒಂಟಿಯಾಗಿ ಅರಗಿಸಿಕೊಳ್ಳಲಾರವು. ಆ ಕೆಲಸಕ್ಕೆ ಶಿಲೀಂಧ್ರ ಬೇಕು.

ಎಳೆಯ ಕೆಲಸಗಾರ ಗೆದ್ದಲುಗಳು ಹಿಂದಿನ ಬೆಳೆಯಿಂದ ಬಂದ ಶಿಲೀಂಧ್ರದ ಬೀಜಕಣಗಳೊಡನೆ ಈ ಕಸವನ್ನು ತಿನ್ನುತ್ತವೆ. ಅವುಗಳ ಹೊಟ್ಟೆಯನ್ನು ಹಾದು ಹೊರಬಂದ ಮಿಶ್ರಣವೇ ತೋಟದ ಮಣ್ಣು. ಅದನ್ನು ಒಂದರ ಮೇಲೊಂದು ಒಟ್ಟಿದಾಗ ಜೇನಿನ ಎರಿಯನ್ನು ನೆನಪಿಸುವ, ಸ್ಪಂಜಿನಂತೆ ಸುಕ್ಕುಸುಕ್ಕಾದ ಕಂದುಬಣ್ಣದ ಎರಿಯೊಂದು ರೂಪುಗೊಳ್ಳುತ್ತದೆ. ಶಿಲೀಂಧ್ರದ ಎಳೆಗಳು ಎರಿಯ ತುಂಬ ಹಬ್ಬಿ ಕೆಲವೇ ದಿನಗಳಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿಯ ಗಂಟುಗಳನ್ನು ಬಿಡುತ್ತವೆ. ಈ ಗಂಟುಗಳು ಗೆದ್ದಲಿಗೆ ಪುಷ್ಟಿಕರ ಆಹಾರ. ಅವುಗಳೊಳಗಿನ ಬೀಜಕಣಗಳು ಮಾತ್ರ ಅರಗದೆ ಹೊಸ ಎರಿಗೆ ಬಿತ್ತನೆಯಾಗುತ್ತವೆ. ಮೇಲ್ಭಾಗದಲ್ಲಿ ಹೊಸ ಗೊಬ್ಬರ ಸೇರುತ್ತ ಹೋದಂತೆ ಕೆಳಭಾಗದ ಹಳೆಯ, ಚೆನ್ನಾಗಿ ಹದಗೊಂಡ ಎರಿಯನ್ನು ವಯಸ್ಸಾದ ಕೆಲಸಗಾರರು ತಿಂದು ಮುಗಿಸುತ್ತವೆ. ಬಿತ್ತನೆ, ಗೊಬ್ಬರ, ಕೊಯ್ಲು ಮೂರೂ ಒಂದೇ ತೋಟದಲ್ಲಿ ಬಿಡುವಿಲ್ಲದೆ ನಡೆಯುತ್ತಿರುತ್ತವೆ.

ಬೇಸಾಯವೆಂದ ಮೇಲೆ ಕಳೆಯೂ ಇರಬೇಕು. ಎರಿಯಲ್ಲಿ ಸ್ಯೂಡೋಕ್ಸೈಲೇರಿಯಾ ಎಂಬ ಬೇರೊಂದು ಶಿಲೀಂಧ್ರ ಸದಾ ಹೊಂಚು ಹಾಕಿರುತ್ತದೆ. ಗೆದ್ದಲುಗಳಿಲ್ಲದೆ ಎರಿಯನ್ನು ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಈ ಕಳೆ ತೋಟವನ್ನೆಲ್ಲ ಆವರಿಸಿಬಿಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ ಕರ್ನಾಟಕದ ಹುತ್ತಗಳಲ್ಲಿ ಈ ಸಂಬಂಧವನ್ನು ಅಧ್ಯಯನ ಮಾಡಿದೆ. ಬೆಳೆ ಯಾವುದು, ಕಳೆ ಯಾವುದು ಎಂಬುದನ್ನು ಗೆದ್ದಲುಗಳು ವಾಸನೆಯಿಂದಲೇ ಗುರುತಿಸಿ ಕಳೆಯನ್ನು ಮಣ್ಣಿನಿಂದ ಮುಚ್ಚಿಹಾಕುತ್ತವೆ ಎಂಬುದು ಅಲ್ಲಿ ಕಂಡುಬಂದ ಸಂಗತಿ. ಗೂಡಿನೊಳಗಿನ ಬೆಚ್ಚನೆಯ, ತೇವಭರಿತ ಹವೆಯೂ ಬೆಳೆಗೆ ಅನುಕೂಲ. ಹೊರಗೆ ಬಿಸಿಲಿರಲಿ, ಚಳಿಯಿರಲಿ, ತೋಟದ ಉಷ್ಣಾಂಶ ಬಹುಮಟ್ಟಿಗೆ ಒಂದೇ ಸಮನಾಗಿರುತ್ತದೆ. ಹುತ್ತದ ಗೋಡೆ, ಅದರೊಳಗಿನ ಪೊಟರೆ, ಗಾಳಿ ಹೊರಳುವ ನಾಳಗಳೆಲ್ಲ ಒಟ್ಟಾಗಿ ಈ ಹವೆಯನ್ನು ಕಾಯುತ್ತವೆ.

ಮೂರು ಕೋಟಿ ವರ್ಷಗಳ ಒಪ್ಪಂದ

ಹುತ್ತದೊಳಗಿನ ಈ ಶಿಲೀಂಧ್ರವನ್ನು ಪಾಶ್ಚಾತ್ಯ ವಿಜ್ಞಾನಕ್ಕೆ ಮೊದಲು ಪರಿಚಯಿಸಿದುದು ದಕ್ಷಿಣ ಭಾರತದ ಗೆದ್ದಲುಗಳೇ ಎಂಬುದು ಸಂತೋಷದ ವಿಷಯ. ಲಿನ್ನೇಯಸ್‌ನ ಶಿಷ್ಯನೂ ತರಂಗಂಬಾಡಿಯ ಡೇನಿಷ್ ಮಿಷನ್ನಿನ ವೈದ್ಯನೂ ಆಗಿದ್ದ ಯೋಹಾನ್ ಗೆರ್ಹಾರ್ಡ್ ಕೋನಿಗ್ ತಂಜಾವೂರು ಸೀಮೆಯ ಗೆದ್ದಲುಗಳ ಕುರಿತು 1779ರಲ್ಲಿ ಪ್ರಕಟಿಸಿದ ಬರಹದಲ್ಲಿ ಅದರ ಪ್ರಸ್ತಾಪವಿದೆ. 1942ರಲ್ಲಿ ಫ್ರಾನ್ಸಿನ ಶಿಲೀಂಧ್ರಶಾಸ್ತ್ರಜ್ಞ ರೋಜೆ ಐಮ್ ಟರ್ಮಿಟೋಮೈಸೀಸ್ ಎಂಬ ಪ್ರತ್ಯೇಕ ಕುಲವನ್ನು ಸ್ಥಾಪಿಸಿದರು. ದಕ್ಷಿಣ ಭಾರತದ ಪ್ರಭೇದವೊಂದನ್ನು 1979ರಲ್ಲಿ ವರ್ಣಿಸಿದ ಕೆ. ನಟರಾಜನ್ ಅದಕ್ಕೆ ಟರ್ಮಿಟೋಮೈಸೀಸ್ ಹೈಮಿಯೈ ಎಂದು ಅವರ ಹೆಸರನ್ನೇ ಇಟ್ಟರು.

2002ರಲ್ಲಿ ಡೂರ್ ಆನೆನ್ ಮತ್ತು ಸಂಗಡಿಗರು ವಂಶವಾಹಿಗಳ ಹೋಲಿಕೆಯಿಂದ ಮಹತ್ವದ ಸಂಗತಿಯೊಂದನ್ನು ತೋರಿಸಿದರು. ಗೆದ್ದಲುಗಳಲ್ಲಿ ಅಣಬೆ ಬೇಸಾಯ ಆರಂಭವಾದುದು ಒಮ್ಮೆ ಮಾತ್ರ, ಅದೂ ಆಫ್ರಿಕಾದಲ್ಲಿ. ಅಲ್ಲಿಂದೀಚೆಗೆ ಯಾವ ಗೆದ್ದಲೂ ಬೇಸಾಯವನ್ನು ಬಿಟ್ಟಿಲ್ಲ, ಯಾವ ಶಿಲೀಂಧ್ರವೂ ಗೂಡನ್ನು ತೊರೆದು ಸ್ವತಂತ್ರ ಬಾಳಿಗೆ ಮರಳಿಲ್ಲ. ಈ ಆರಂಭದ ಕಾಲ ಸುಮಾರು 3 ಕೋಟಿ ವರ್ಷಗಳ ಹಿಂದೆ ಎಂದು ಅಂದಾಜಿಸಲಾಗಿದೆ. ತಾಂಜಾನಿಯಾದಲ್ಲಿ ದೊರೆತ, ಶಿಲೆಯಾಗಿ ಮಾರ್ಪಟ್ಟ ಗೆದ್ದಲಿನ ತೋಟಗಳು ಸುಮಾರು 2.5 ಕೋಟಿ ವರ್ಷ ಹಳೆಯವೆಂದು 2016ರಲ್ಲಿ ವರದಿಯಾಯಿತು. ಮನುಷ್ಯ ಉಳುಮೆ ಕಲಿತು ಸುಮಾರು ಹತ್ತು ಸಾವಿರ ವರ್ಷಗಳಾಗಿವೆಯಷ್ಟೆ.

ಆಫ್ರಿಕಾದಲ್ಲಿ ಈ ಕುಲದ ವೈಭವ ಇನ್ನೂ ದೊಡ್ಡದು. ಜಾಂಬಿಯಾದ ಟರ್ಮಿಟೋಮೈಸೀಸ್ ಟೈಟಾನಿಕಸ್‌ನ ಕೊಡೆ ಒಂದು ಮೀಟರಿನಷ್ಟು ಅಗಲವಾಗಬಲ್ಲದು. ತಿನ್ನಬಹುದಾದ ಅಣಬೆಗಳಲ್ಲಿ ಜಗತ್ತಿನಲ್ಲೇ ಅದು ಅತಿ ದೊಡ್ಡದೆಂದು ಪರಿಗಣಿಸಲಾಗಿದೆ. ನಮ್ಮ ಹೆಗ್ಗಾಲಣಬೆ ಅಂಗೈಯಗಲಕ್ಕೆ ತೃಪ್ತಿಪಟ್ಟುಕೊಳ್ಳುತ್ತದೆ.

ಮಳೆ, ರೆಕ್ಕೆ ಮತ್ತು ಕೊಡೆ

ವರ್ಷದ ಹೆಚ್ಚು ಕಾಲ ಈ ಶಿಲೀಂಧ್ರ ಹೊರಜಗತ್ತಿಗೆ ಕಾಣಿಸುವುದೇ ಇಲ್ಲ. ಎರಿಯ ಮೇಲಿನ ಗಂಟುಗಳನ್ನು ಗೆದ್ದಲುಗಳು ನಿರಂತರವಾಗಿ ಮೇಯುವುದರಿಂದ ಅವು ಕೊಡೆಯಾಗಿ ಬೆಳೆಯಲು ಅವಕಾಶ ದೊರೆಯದು. ಮಳೆಗಾಲದಲ್ಲಿ ಮಾತ್ರ ಕೆಲವು ಗಂಟುಗಳು ಹಿಗ್ಗಿ, ಮೇಲ್ಮುಖವಾಗಿ ಚಾಚಿಕೊಂಡು, ಗಟ್ಟಿಯಾದ ಮೊನೆಯಿಂದ ಮಣ್ಣನ್ನು ಸೀಳಿ ಹೊರಬರುತ್ತವೆ. ಕೊಡೆಯ ನೆತ್ತಿಯ ಮೊನೆ ಅಲಂಕಾರವಲ್ಲ, ಅದು ನೆಲ ಕೊರೆಯುವ ಗುಳ. ಅಕ್ಕಿ ಅಣಬೆಯ ಬಗೆ ಬೇರೆ. ಗೆದ್ದಲುಗಳು ಎರಿಯ ಚೂರುಗಳನ್ನು ನೆಲದ ಮೇಲಕ್ಕೆ ತಂದು ಹರಡಿದಾಗ ಅವುಗಳ ಮೇಲೆ ಅದು ಏಳುತ್ತದೆ. ಆದುದರಿಂದ ಅದಕ್ಕೆ ಉದ್ದ ಬೇರಿಲ್ಲ.

ಮಲೆನಾಡಿನ ಕೃಷಿಕರು ಅಣಬೆಯ ಕಾಲವನ್ನು ಮಳೆ ನಕ್ಷತ್ರಗಳಿಂದ ಲೆಕ್ಕ ಹಾಕುತ್ತಾರೆ. ಜೂನ್ ತಿಂಗಳ ಮೃಗಶಿರ ಮಳೆಗೆ ನೆಲ ನೆನೆಯಬೇಕು. ಆರಿದ್ರಾ, ಪುನರ್ವಸು, ಪುಷ್ಯಗಳು ಬಲವಾಗಿ ಹಿಡಿಯಬೇಕು. ನಡುವೆ ಒಂದೆರಡು ದಿನ ಮೋಡ ಹರಿದು ಬಿಸಿಲು ಬೀಳಬೇಕು. ಗುಡುಗಿಗೆ ಅಣಬೆ ಏಳುತ್ತದೆಂಬ ನಂಬಿಕೆಯೂ ವ್ಯಾಪಕವಾಗಿದೆ. ಇದು ಈ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಜಪಾನಿನಲ್ಲಿಯೂ ಇಂತಹ ಮಾತಿದ್ದು, ಅಲ್ಲಿನ ಇವಾಟೆ ವಿಶ್ವವಿದ್ಯಾಲಯದವರು ಶಿಟಾಕೆ ಮೊದಲಾದ ಅಣಬೆ ಬೆಳೆಯುವ ಕೊರಡುಗಳಿಗೆ ಕೃತಕ ಸಿಡಿಲಿನಂತಹ ವಿದ್ಯುತ್ ಹಾಯಿಸಿ ಇಳುವರಿ ಹೆಚ್ಚುವುದನ್ನು ಕಂಡಿದ್ದಾರೆ. ಆದರೆ ಅದು ಕೊರಡಿನ ಅಣಬೆಯ ಮಾತು. ಹುತ್ತದ ಅಣಬೆಗೆ ಗುಡುಗಿಗಿಂತ ಗುಡುಗಿನೊಡನೆ ಬರುವ ಮಳೆ ಮುಖ್ಯವೆನ್ನುವುದೇ ಸುರಕ್ಷಿತ.

ಇಲ್ಲಿ ಗಮನಿಸಬೇಕಾದ ಮತ್ತೊಂದು ಹೊಂದಾಣಿಕೆಯಿದೆ. ಮುಂಗಾರಿನ ಮೊದಲ ಮಳೆಗಳ ಸಂಜೆ ದೀಪದ ಸುತ್ತ ಮುತ್ತುವ ರೆಕ್ಕೆಯ ಹುಳುಗಳು, ಅಂದರೆ ಈಸಲು, ಹೊಸ ಸಂಸಾರ ಹೂಡಲು ಹೊರಟ ಗೆದ್ದಲಿನ ಗಂಡುಹೆಣ್ಣುಗಳು. ಕಾಗೆ, ಓತಿಕ್ಯಾತ, ಕಪ್ಪೆಗಳ ಬಾಯಿಂದ ಪಾರಾದ ಜೋಡಿ ರೆಕ್ಕೆ ಕಳಚಿ ಮಣ್ಣೊಳಗೆ ಇಳಿದು ಮೊಟ್ಟೆಯಿಡುತ್ತದೆ. ಅಣಬೆ ಬೆಳೆಯುವ ಹೆಚ್ಚಿನ ಗೆದ್ದಲುಗಳಲ್ಲಿ ಈ ಜೋಡಿ ತವರಿನಿಂದ ಶಿಲೀಂಧ್ರದ ಬಿತ್ತನೆಯನ್ನು ತರುವುದಿಲ್ಲ. ಮೊದಲ ಕೆಲಸಗಾರರು ಬೆಳೆದು ಹೊರಬಂದು ಎಲೆ ಕಡ್ಡಿ ಹೆಕ್ಕುವ ಹೊತ್ತಿಗೆ ಕಾಡಿನಲ್ಲಿ ಅಣಬೆಗಳು ಅರಳಿ ಬೀಜಕಣಗಳನ್ನು ಚೆಲ್ಲಿರಬೇಕು. ಕಸದೊಡನೆ ಆ ಕಣಗಳೂ ಗೂಡು ಸೇರಬೇಕು. ಹೊಸ ಗೂಡಿನ ತೋಟ ಆರಂಭವಾಗುವುದೇ ಹೀಗೆ. ಈಸಲು ಹಾರಿದ ಕೆಲವು ವಾರಗಳ ತರುವಾಯ ಹೆಗ್ಗಾಲಣಬೆ ಏಳುವುದರ ಹಿಂದೆ ಈ ಲೆಕ್ಕಾಚಾರವಿದೆ. ಒಂದು ಹುತ್ತದ ಮೇಲೆ ಅರಳಿ ಬಾಡಿದ, ಯಾರೂ ಕೀಳದ ಅಣಬೆಯೇ ಮತ್ತೊಂದು ಹುತ್ತದ ಬಿತ್ತನೆ.

ಶಿವಮೊಗ್ಗ ಜಿಲ್ಲೆಯ ಅಣಬೆ ಸಂಪತ್ತು

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರಾದ ಎಸ್. ಸ್ವಪ್ನ, ಸೈಯದ್ ಅಬ್ರಾರ್ ಮತ್ತು ಎಂ. ಕೃಷ್ಣಪ್ಪ ಜಿಲ್ಲೆಯ ಅರೆ ನಿತ್ಯಹರಿದ್ವರ್ಣ ಹಾಗೂ ತೇವಭರಿತ ಎಲೆಯುದುರುವ ಕಾಡುಗಳಲ್ಲಿ ನಡೆಸಿದ ಸಮೀಕ್ಷೆ 2008ರಲ್ಲಿ ಪ್ರಕಟವಾಯಿತು. ಬರಿಗಣ್ಣಿಗೆ ಕಾಣುವ ಶಿಲೀಂಧ್ರಗಳ 778 ಪ್ರಭೇದಗಳು ಅದರಲ್ಲಿ ದಾಖಲಾಗಿವೆ. ಇವು 101 ಕುಲಗಳಿಗೆ, 43 ಕುಟುಂಬಗಳಿಗೆ ಸೇರಿದವು. ಒಂದು ಜಿಲ್ಲೆಯ ಮಟ್ಟಿಗೆ ಇದು ಸಣ್ಣ ಸಂಖ್ಯೆಯಲ್ಲ. ಆದರೆ ಇವುಗಳಲ್ಲಿ ಜನ ಹೆಸರಿಟ್ಟು ಕರೆದು, ಹುಡುಕಿ ತಂದು ಉಣ್ಣುವಂಥವು ಬೆರಳೆಣಿಕೆಯಷ್ಟು. ಉಳಿದವೆಲ್ಲ ನಾಯಿಕೊಡೆಗಳ ಲೆಕ್ಕಕ್ಕೆ ಸೇರಿಹೋಗುತ್ತವೆ. ಎಲ್ಲ ಕಾಡಣಬೆಗಳನ್ನೂ ತಿಂದು ನೋಡುವ ಸಾಹಸಕ್ಕೆ ಹೋಗದೆ ಗುರುತು ಸಿಕ್ಕಿದ ಕೆಲವನ್ನು ಮಾತ್ರ ನಂಬಿದ ಹಿರಿಯರ ವಿವೇಕ ಇಲ್ಲಿ ಕಾಣುತ್ತದೆ.

ವಿಷದ ಮಾತು

ಪೇಟೆಯ ಜನರಿಗೆ ಈ ವಿವೇಕ ಕೈಬಿಟ್ಟುಹೋಗಿರುವುದು ಕಳವಳದ ಸಂಗತಿ. ಬೆಳ್ಳಿಯ ನಾಣ್ಯ ಹಾಕಿ ಕುದಿಸಿದರೆ ವಿಷವಿದ್ದಲ್ಲಿ ಕಪ್ಪಾಗುತ್ತದೆ, ಅರಿಶಿನ ಬಣ್ಣ ಬದಲಿಸುತ್ತದೆ, ಹುಳು ತಿಂದ ಅಣಬೆ ಮನುಷ್ಯನಿಗೂ ಸುರಕ್ಷಿತ ಎಂಬ ಪರೀಕ್ಷೆಗಳು ಬಾಯಿಂದ ಬಾಯಿಗೆ ಹರಿದು ಬಂದಿವೆ. ಇವುಗಳಲ್ಲಿ ಒಂದೂ ನಂಬಲರ್ಹವಲ್ಲ. ಅಮಾನಿಟಾ ಕುಲದ ಕೆಲವು ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಬೇಯಿಸಿದರೂ ಒಣಗಿಸಿದರೂ ನಾಶವಾಗದು. ತಿಂದಾಗ ರುಚಿಯೂ ಕೆಟ್ಟಿರುವುದಿಲ್ಲ. ಆರು ಗಂಟೆಗಳಿಗಿಂತ ಹೆಚ್ಚು ಕಾಲ, ಕೆಲವೊಮ್ಮೆ ಒಂದು ದಿನದವರೆಗೆ ಏನೂ ಆಗದು. ಬಳಿಕ ವಾಂತಿಭೇದಿ ಆರಂಭವಾಗಿ, ಒಂದು ದಿನ ಗುಣವಾದಂತೆ ತೋರಿ, ಆಮೇಲೆ ಯಕೃತ್ತು ಕೈಕೊಡುತ್ತದೆ. ಗುಣವಾದಂತೆ ತೋರುವ ಆ ಒಂದು ದಿನವೇ ಹಲವರನ್ನು ಆಸ್ಪತ್ರೆಯಿಂದ ದೂರವಿಟ್ಟು ಬಲಿ ತೆಗೆದುಕೊಳ್ಳುತ್ತದೆ. ಅಣಬೆ ತಿಂದು ತಡವಾಗಿ ವಾಂತಿಯಾದರೆ, ಅದು ನಿಂತರೂ ವೈದ್ಯರನ್ನು ಕಾಣಬೇಕು. ಉಳಿದ ಅಣಬೆಯ ತುಣುಕನ್ನೂ ಜತೆಗೊಯ್ಯುವುದು ಉಚಿತ.

ಉದ್ಯಾನಗಳ ಹುಲ್ಲುಹಾಸಿನಲ್ಲಿ, ಖಾಲಿ ನಿವೇಶನಗಳಲ್ಲಿ ಮಳೆಗಾಲದಲ್ಲಿ ಏಳುವ ದೊಡ್ಡ ಬಿಳಿ ಕೊಡೆಯ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಇನ್ನೊಂದು ಮೋಸಗಾರ. ಅದರ ಕೊಡೆಯ ಮೇಲೆ ಕಂದು ಹುರುಪೆಗಳಿರುತ್ತವೆ, ಕಾಲಿಗೆ ಉಂಗುರವಿರುತ್ತದೆ, ಬಲಿತಾಗ ಅಡಿಯ ಪದರಗಳು ಹಸಿರಾಗುತ್ತವೆ. ಜೀವಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲವಾದರೂ ತಿಂದ ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿ ಉಂಟುಮಾಡುತ್ತದೆ. ಬಿಡಿಬಿಡಿ ಲಕ್ಷಣಗಳನ್ನು ನಂಬಿದರೆ ಹೆಗ್ಗಾಲಣಬೆಯ ಗುರುತಿನಲ್ಲಿಯೂ ಎಡವುವ ಸಾಧ್ಯತೆಯಿದೆ. ಉದಾಹರಣೆಗೆ, ಅದರ ಕೆಲವು ಪ್ರಭೇದಗಳಿಗೂ ಕಾಲಿನಲ್ಲಿ ಉಂಗುರವಿದೆ. ಅದರ ಕೊಡೆಯನ್ನು ಬಿಳಿ ಕಾಗದದ ಮೇಲೆ ರಾತ್ರಿಯಿಡೀ ಬೋರಲಿಟ್ಟರೆ ತಿಳಿಗುಲಾಬಿ ಬಣ್ಣದ ಪುಡಿ ಉದುರುತ್ತದೆ. ಅಮಾನಿಟಾದ ಪುಡಿ ಬಿಳಿ. ಆದರೆ ಗುಲಾಬಿ ಪುಡಿಯ ವಿಷದಣಬೆಗಳೂ ಇವೆಯಾದ್ದರಿಂದ ಇದೊಂದೇ ಸಾಲದು. ಹಳ್ಳಿಯ ಅನುಭವಿಗಳು ನಂಬುವುದು ಬುಡವನ್ನು. ಕಾಲಿನ ಜಾಡು ಹಿಡಿದು ಮಣ್ಣು ಬಿಡಿಸಿದರೆ ಚೀಲದಂತಹ ಬುಡ ಸಿಗದೆ, ಬೇರು ಸಪೂರಾಗುತ್ತ ಹುತ್ತದ ಕಡೆಗೆ ಇಳಿದಿದ್ದರೆ ಅದು ಹೆಗ್ಗಾಲಣಬೆ. ಇದನ್ನು ಓದಿ ಕಲಿಯುವಂತಿಲ್ಲ, ತಿಳಿದವರೊಡನೆ ಹಲವು ಮಳೆಗಾಲ ತಿರುಗಿಯೇ ಕಲಿಯಬೇಕು. ಬುಡ ಮುರಿದು ರಾಶಿ ಹಾಕಿದ ಅಣಬೆಯಲ್ಲಿ ಈ ಪರೀಕ್ಷೆಗೆ ಎಡೆಯಿಲ್ಲವಾದುದರಿಂದ ಪರಿಚಯವಿಲ್ಲದವರಿಂದ ಕೊಳ್ಳುವಾಗ ಎಚ್ಚರ ಅಗತ್ಯ.

ಅಡುಗೆಮನೆಯಲ್ಲಿ

ಮನುಸ್ಮೃತಿ ಬೆಳ್ಳುಳ್ಳಿ, ಈರುಳ್ಳಿಗಳ ಸಾಲಿನಲ್ಲಿಯೇ ಅಣಬೆಯನ್ನೂ ದ್ವಿಜರಿಗೆ ನಿಷೇಧಿಸಿದೆ. ಹಾಗಾಗಿ ಮಲೆನಾಡಿನಲ್ಲಿಯೂ ಕೆಲವು ಮನೆಗಳ ಒಲೆಯನ್ನು ಅದು ಬಹುಕಾಲ ಏರಲಿಲ್ಲ. ಉಳಿದೆಡೆ ಅದಕ್ಕೆ ಹಬ್ಬದ ಸ್ವಾಗತ. ಮಣ್ಣು ಹೋಗುವಂತೆ ತೊಳೆದು, ಕಾಲಿನ ಸಿಪ್ಪೆ ಸುಲಿದು, ಕೈಯಿಂದಲೇ ಸಿಗಿದು ಖಾರದ ಸಾರು ಮಾಡಿ ಅಕ್ಕಿರೊಟ್ಟಿಯೊಡನೆಯೋ ಕಡುಬಿನೊಡನೆಯೋ ಉಣ್ಣುತ್ತಾರೆ. ತಾಜಾ ಅಣಬೆಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಇರುವುದರಿಂದ ಬುಟ್ಟಿ ತುಂಬ ತಂದದ್ದು ಪಾತ್ರೆಯಲ್ಲಿ ಕುಗ್ಗಿಹೋಗುತ್ತದೆ. ಒಂದೇ ದಿನದಲ್ಲಿ ಹುಳು ಬೀಳುವುದರಿಂದ ಕಿತ್ತ ದಿನವೇ ಒಲೆಗೆ ಏರಬೇಕು. ಅಣಬೆ ಏಳುವ ಹುತ್ತದ ಜಾಗವನ್ನು ನೆಂಟರಿಗೂ ಹೇಳದೆ ಗುಟ್ಟಾಗಿಡುವ ಪದ್ಧತಿ ಹಳ್ಳಿಗಳಲ್ಲಿದೆ. ಒಂದೇ ಹುತ್ತದ ಬಳಿ ಬಹುಮಟ್ಟಿಗೆ ಅದೇ ವಾರದಲ್ಲಿ ವರ್ಷವರ್ಷವೂ ಅಣಬೆ ಏಳುವುದರಿಂದ ಆ ಗುಟ್ಟಿಗೆ ಬೆಲೆಯಿದೆ.

ತೋಟದಲ್ಲಿ ಬೆಳೆಯಬಾರದೇಕೆ ಎಂಬ ಪ್ರಶ್ನೆ ಸಹಜ. ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆಯನ್ನು ಇಂದು ಯಾರು ಬೇಕಾದರೂ ಬೆಳೆಯಬಲ್ಲರು. ಗುಂಡಿ ಅಣಬೆಯಂತೂ ಅಂಗಡಿಗಳಲ್ಲಿ ವರ್ಷವಿಡೀ ದೊರೆಯುತ್ತದೆ. ಹೆಗ್ಗಾಲಣಬೆಯ ಶಿಲೀಂಧ್ರವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸುವುದು ಸಾಧ್ಯವಾಗಿದೆಯಾದರೂ ಅದು ಬಲು ನಿಧಾನ. ಗೆದ್ದಲಿನ ಹೊಟ್ಟೆ, ಎರಿಯ ಹದ, ಹುತ್ತದ ಹವೆ, ಕಳೆ ಕೀಳುವ ಸಾವಿರಾರು ಕೆಲಸಗಾರರು ಇವೆಲ್ಲವನ್ನೂ ಕೂಡಿಸಿ ಕೊಡುವ ವ್ಯವಸಾಯ ಮನುಷ್ಯನಿಗೆ ಕೈಗೂಡಿಲ್ಲ. ಮಾರುಕಟ್ಟೆಯ ಹೆಗ್ಗಾಲಣಬೆಯೆಲ್ಲ ಇಂದಿಗೂ ಹುತ್ತದಿಂದಲೇ ಬರಬೇಕು.

ಹುತ್ತಗಳು ಉಳಿದಿರುವೆಡೆ

ಭದ್ರಾವತಿಯ ಸುತ್ತಲಿನ ಕಾಡುಗಳು ನೂರು ವರ್ಷಗಳಲ್ಲಿ ಬಹಳಷ್ಟು ಮಾರ್ಪಾಡು ಕಂಡಿವೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮೊದಲ ದಶಕಗಳಲ್ಲಿ ಉರಿಸಿದ್ದು ಈ ಕಾಡಿನ ಇದ್ದಿಲನ್ನು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗಾಗಿ ಮುಂದೆ ಸಾವಿರಾರು ಹೆಕ್ಟೇರುಗಳಲ್ಲಿ ನೀಲಗಿರಿ, ಅಕೇಶಿಯಾ ನೆಡುತೋಪುಗಳೆದ್ದವು. ನೀಲಗಿರಿಯ ಎಳೆ ಸಸಿಗೆ ಗೆದ್ದಲಿನ ಕಾಟ ಹೆಚ್ಚು. ನೆಡುವಾಗಲೇ ಬುಡಕ್ಕೆ ಗೆದ್ದಲುನಾಶಕ ಹಾಕುವುದು ದೇಶದ ಉದ್ದಗಲಕ್ಕೂ ನಡೆದುಬಂದ ಪದ್ಧತಿ. ಕಾಡಿನ ಅಂಚಿನ ಜಮೀನುಗಳನ್ನು ಅಡಿಕೆ ತೋಟವಾಗಿಸುವಾಗಲೂ ನಿವೇಶನಗಳಾಗಿ ವಿಂಗಡಿಸುವಾಗಲೂ ಜೆಸಿಬಿ ಯಂತ್ರಕ್ಕೆ ಮೊದಲು ಅಡ್ಡ ಬರುವುದು ಹುತ್ತ. ಮನೆ ಕಟ್ಟುವವರು ಪಾಯದ ಮಣ್ಣಿಗೆ ಗೆದ್ದಲಿನ ಔಷಧಿ ಸುರಿಸುವುದು ಈಗ ವಾಡಿಕೆ. ಮನೆಯ ಬಾಗಿಲು ಕಿಟಕಿಗಳ ದೃಷ್ಟಿಯಿಂದ ಅದನ್ನು ತಪ್ಪೆನ್ನುವಂತಿಲ್ಲ. ಅಣಬೆಯ ಮಟ್ಟಿಗೆ ಮಾತ್ರ ಅಲ್ಲಿಗೆ ಲೆಕ್ಕ ಚುಕ್ತಾ ಆಗುತ್ತದೆ.

ಗೆದ್ದಲು ಕಟ್ಟಿದ ಮನೆಯಲ್ಲಿ ಹಾವು ಹೊಕ್ಕಿತೆಂಬ ಗಾದೆ ಎಲ್ಲರಿಗೂ ಗೊತ್ತು. ಆ ಹಾವಿನ ಭಯಭಕ್ತಿಯೇ ಹಲವು ಹುತ್ತಗಳನ್ನು ಉಳಿಸಿದೆ. ನಾಗರಪಂಚಮಿ ಬರುವುದು ಶ್ರಾವಣದಲ್ಲಿ, ಅಣಬೆ ಏಳುವ ದಿನಗಳಲ್ಲಿಯೇ. ನಾಗಬನ, ದೇವರಕಾಡುಗಳ ಹುತ್ತಗಳಿಗೆ ಹಾರೆ ತಾಕಿಸಲು ಜನ ಇಂದಿಗೂ ಹಿಂಜರಿಯುತ್ತಾರೆ. ಅಭಯಾರಣ್ಯದೊಳಗಿನ ಹುತ್ತಗಳಿಗೆ ಕಾನೂನಿನ ರಕ್ಷಣೆಯಿದೆ. ಶೆಟ್ಟಿಹಳ್ಳಿಯಂತಹ ಅಭಯಾರಣ್ಯದಿಂದ ಅನುಮತಿಯಿಲ್ಲದೆ ಅರಣ್ಯ ಉತ್ಪನ್ನ ತರುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎಡೆಗೊಡುವುದಿಲ್ಲ. ನೆರೆಯ ಗೋವಾದಲ್ಲಿ ಓಳ್ಮಿಗಳನ್ನು ಹೆದ್ದಾರಿಯ ಬದಿಯಲ್ಲಿ ಮಾರುವ ವಹಿವಾಟು ಬೆಳೆದಾಗ, ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕ ನಂದಕುಮಾರ ಕಾಮತ್ ಅತಿಯಾದ ಸಂಗ್ರಹದ ವಿರುದ್ಧ ಹಲವು ವರ್ಷ ಎಚ್ಚರಿಸಿದರು. ಕರ್ನಾಟಕದಲ್ಲಿ ಈ ಚರ್ಚೆ ಅಷ್ಟು ಬಿರುಸಾಗಿ ನಡೆದಿಲ್ಲ.

ಅಣಬೆ ಕೀಳುವುದರಿಂದಲೇ ಹುತ್ತಕ್ಕೆ ಕೇಡಿಲ್ಲ. ಕೊಡೆ ಫಲ ಮಾತ್ರ. ಗಿಡಕ್ಕೆ ಸಮನಾದುದು ಎರಿಯಲ್ಲಿ ಉಳಿದಿರುತ್ತದೆ. ಕೇಡಾಗುವುದು ಎರಡು ಬಗೆಯಲ್ಲಿ. ಇನ್ನೂ ಮೊಗ್ಗಿನಂತಿರುವ ಅಣಬೆಗಳನ್ನು ಬೆಲೆ ಹೆಚ್ಚೆಂದು ಒಂದನ್ನೂ ಬಿಡದೆ ಕಿತ್ತರೆ ಬೀಜಕಣ ಚೆಲ್ಲಲು ಕೊಡೆ ಉಳಿಯದು. ಬೇರಿನ ಸಮೇತ ಬೇಕೆಂದು ಗುದ್ದಲಿ ಹಾಕಿದರೆ ಎರಿಯ ಕೋಣೆಯೇ ಒಡೆದುಹೋಗುತ್ತದೆ. ಕಾಲನ್ನು ಮಣ್ಣಿನ ಮಟ್ಟದಲ್ಲಿ ಮೆಲ್ಲನೆ ತಿರುಚಿ ಕಿತ್ತು, ಪೂರ್ತಿ ಅರಳಿ ಅಂಚು ಸೀಳಿದವನ್ನು ಅಲ್ಲಿಯೇ ಬಿಡುವುದು ಬಲ್ಲವರ ಕ್ರಮ. ಅರಳಿದ ಅಣಬೆಯಲ್ಲಿ ಹೇಗೂ ಹುಳು ಬಿದ್ದಿರುತ್ತದೆಯಾದ್ದರಿಂದ ನಷ್ಟವೂ ಹೆಚ್ಚಿಲ್ಲ.

ರಾಣಿ ಗೆದ್ದಲು ಹತ್ತು ವರ್ಷಕ್ಕೂ ಮೀರಿ ಬಾಳಬಲ್ಲದು. ಹೊಸ ಜೋಡಿಯೊಂದು ಮಣ್ಣಿಗಿಳಿದು, ಬಿತ್ತನೆ ದೊರಕಿ, ತೋಟ ಹಬ್ಬಿ, ಹುತ್ತ ಮೇಲೆದ್ದು, ಅದರ ಮೇಲೆ ಮೊದಲ ಕೊಡೆ ಅರಳಲು ಹಲವು ಮಳೆಗಾಲಗಳು ಕಳೆಯಬೇಕು. ಒಂದು ಹುತ್ತವನ್ನು ನೆಲಕ್ಕೆ ಸಮ ಮಾಡಲು ಯಂತ್ರಕ್ಕೆ ಹಿಡಿಯುವ ಸಮಯ ಕೆಲವೇ ನಿಮಿಷ.